ಮೆಟ್ಟಿಲ ಕೆಳಗಿನ ಕೆಂಪು ಕುರ್ಚಿ

ನಮ್ಮ ಮನೆಯ ಜಗಲಿಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇದೆ. ಕೆಂಪು ಅನ್ನುವುದು ಅದರ ಹಿಂದಿನ ಸೇವೆಗೆ ನಾನು ತೋರಿಸುವ ಮರ್ಯಾದೆ. ಬಿಸಿಲಿಗೆ ಬಣ್ಣ ಹೋಗಿ ಈಗದು ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗಿದೆ. ಹಿಂದಿನ ಎಡಗಾಲು ಸೀಳಿದೆ. ಸೀಳಿದ ಕಡೆ ಹಳೆಯ ರೇಷ್ಮೆ ಹುರಿ ಸುತ್ತಿ ನಾನೇ ಗಂಟು ಹಾಕಿದ್ದೇನೆ. ನನ್ನದೂ ಎಡಗಾಲೇ ಸರಿಯಿಲ್ಲದ್ದರಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿದೆ: ನಾನು ಅದರ ಮೇಲೆ ಕೂರುವುದಿಲ್ಲ, ಅದು ನನ್ನನ್ನು ಬೀಳಿಸುವುದಿಲ್ಲ. ಮೊನ್ನೆ ಸುಣ್ಣ ಬಳಿಯಲು ಬಂದಾತ ಅದನ್ನು ಗುಜರಿಗೆ ಹಾಕಿಬಿಡಲೇ ಎಂದು ಕೇಳಿದ. ಬೇಡ ಎಂದೆ. ಯಾಕೆ ಬೇಡ ಎಂದು ಅವನಿಗೆ ವಿವರಿಸಲು ಹೊರಟಿದ್ದರೆ ಅವತ್ತು ಗೋಡೆಗೆ ಸುಣ್ಣ ಬೀಳುತ್ತಿರಲಿಲ್ಲ. ನಿಮಗಾದರೆ ಹೇಳಬಹುದು, ನೀವು ಹೇಗೂ ಕೂತಿದ್ದೀರಿ.

ನಾನು ಕೊಳ್ಳೇಗಾಲದ ವಕೀಲೆ. ಹೆತ್ತವರು ಇಟ್ಟ ಹೆಸರು ಶಕುಂತಲ, ನಮ್ಮ ನೇಕಾರರ ಬೀದಿಗೆ ಸಕ್ಕು, ಮಿಕ್ಕ ಲೋಕಕ್ಕೆಲ್ಲ ಲಾಯರಮ್ಮ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ಆ ಕಾಲಿಗೆ ಆಸರೆಯಾಗಿ ಕಬ್ಬಿಣದ ಕ್ಯಾಲಿಪರ್, ಕೈಗೆ ಒಂದು ಊರುಗೋಲು. ಕಣ್ಣು ಕಾಣದವರ, ಕಿವಿ ಕೇಳದವರ, ನಡೆಯಲಾಗದವರ ಕೇಸುಗಳನ್ನೇ ಹೆಚ್ಚಾಗಿ ಹಿಡಿದುಕೊಂಡು ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಇಪ್ಪತ್ತೈದು ವರ್ಷ ತಿರುಗಿದ್ದೇನೆ. ಪೇಪರಿನವರು ನನ್ನನ್ನು ಹೋರಾಟಗಾರ್ತಿ ಎಂದು ಬರೆಯುತ್ತಾರೆ. ನಮ್ಮವ್ವ ಜಗಳಗಂಟಿ ಅನ್ನುತ್ತಿದ್ದಳು. ನನ್ನನ್ನು ಹತ್ತಿರದಿಂದ ನೋಡಿದ್ದವಳು ಅವ್ವನೇ.

ಈ ಸೀಮೆಯ ಜನ ನನ್ನನ್ನು ಕಂಡೊಡನೆ ಹೇಳುವ ಮೊದಲ ಮಾತು 'ಕುಂತ್ಕಳಿ'. ಚೆನ್ನಾಗಿದ್ದೀರಾ ಅನ್ನುವುದೆಲ್ಲ ಆಮೇಲೆ. ತರಕಾರಿ ಅಂಗಡಿಯಲ್ಲಿ ಕಾಲು ಕೆಜಿ ಬೀನ್ಸ್ ಕೇಳಿದರೆ ಮೊದಲು ಸ್ಟೂಲು ಬರುತ್ತದೆ, ಬೀನ್ಸ್ ಹಿಂದೆ ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಅಂಗಡಿಯವನು ತಾನು ಕೂತಿದ್ದ ಕ್ರೇಟನ್ನೇ ಬೋರಲು ಹಾಕಿಕೊಡುತ್ತಾನೆ. ಸಾವಿನ ಮನೆಗೆ ಹೋದರೂ ಅಳುತ್ತಿದ್ದವರು ಅಳು ನಿಲ್ಲಿಸಿ ಕುರ್ಚಿ ಹುಡುಕುತ್ತಾರೆ. ಒಮ್ಮೆ ಯಳಂದೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದ ಬಾಗಿಲಲ್ಲೇ ಯಾರೋ ಪುಣ್ಯಾತ್ಮರು ಕುರ್ಚಿ ಹಾಕಿ ಕೂರಿಸಿದರು. ಬಂದ ನೆಂಟರೆಲ್ಲ ಬಾಗಿಲಲ್ಲಿ ಕೂತ ನನ್ನನ್ನು ಹುಡುಗನ ಕಡೆಯ ಹಿರಿಯರೆಂದು ತಿಳಿದು ಕೈಮುಗಿದರು. ಇಬ್ಬರು ಹೆಂಗಸರು ಉಡುಗೊರೆಯನ್ನೂ ನನ್ನ ಕೈಗೇ ಕೊಟ್ಟರು. ಊಟದ ಕೋಣೆ ಮಹಡಿಯ ಮೇಲಿತ್ತು. ನನಗೆ ಎಲೆಯನ್ನು ಅಲ್ಲೇ ತಂದುಕೊಟ್ಟರು. ಆ ಮದುವೆಯ ಹೆಣ್ಣಿನ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಇದರ ಜೊತೆಗೆ ನನಗೊಂದು ಚಟವಿದೆ, ಮೆಟ್ಟಿಲು ಎಣಿಸುವುದು. ಬೇರೆಯವರು ಊರನ್ನು ಅಲ್ಲಿನ ದೋಸೆಯಿಂದಲೋ ದೇವರಿಂದಲೋ ನೆನಪಿಟ್ಟುಕೊಂಡರೆ ನಾನು ಮೆಟ್ಟಿಲಿನ ಲೆಕ್ಕದಿಂದ ನೆನಪಿಟ್ಟುಕೊಳ್ಳುತ್ತೇನೆ. ಹನೂರಿನ ಹೋಟೆಲೊಂದರಲ್ಲಿ ನಾಲ್ಕು, ಅದರಲ್ಲಿ ಮೂರನೆಯದು ಮೋಸದ್ದು, ಉಳಿದವಕ್ಕಿಂತ ಎರಡು ಬೆರಳು ಎತ್ತರ. ಯಳಂದೂರಿನ ನನ್ನ ಗೆಳತಿಯ ಮನೆಗೆ ಆರು. ನಾನು ಬರುತ್ತೇನೆಂದರೆ ಅವಳು ಕಾಫಿಯನ್ನು ಬೀದಿಗೇ ತರುತ್ತಾಳೆ. ದೇವಸ್ಥಾನಗಳ ವಿಷಯ ಎತ್ತಬೇಡಿ. ದೇವರಿಗೂ ನನಗೂ ಕೆಳಗಿನಿಂದಲೇ ಕೈಮುಗಿಯುವ ಒಡಂಬಡಿಕೆಯಾಗಿದೆ. ಈ ಲೆಕ್ಕವನ್ನು ನಾನು ಬಹಳ ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ಅದರಲ್ಲಿ ಎರಡು ಕಡೆಯ ಮೆಟ್ಟಿಲು ಬಿಟ್ಟುಹೋಗಿತ್ತು ಎಂದು ಗೊತ್ತಾಗಿದ್ದು ಬಹಳ ತಡವಾಗಿ.

ಅದಕ್ಕೆ ಮೊದಲು ನಮ್ಮಪ್ಪನ ಮಗ್ಗದ ವಿಷಯ ಹೇಳಬೇಕು. ಅಪ್ಪ ರೇಷ್ಮೆ ನೇಯುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಗುಣಿ ಮಗ್ಗ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಕೂತು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ನೇಯಬೇಕು. ಎಡಗಾಲಿಗೆ ಒಂದು ಹಲಗೆ, ಬಲಗಾಲಿಗೆ ಒಂದು. ಬೀದಿಯ ಹೆಣ್ಣುಮಕ್ಕಳೆಲ್ಲ ಮಗ್ಗಕ್ಕೆ ಕೂರುವ ವಯಸ್ಸಿಗೆ ನಾನೂ ಹಟ ಹಿಡಿದೆ. ನೆರೆಯವರು ಈ ಮಗೂಗೆ ಯಾಕಪ್ಪ ಕಷ್ಟ, ನೂಲಿನ ಲಡಿ ಸುತ್ತಿಕೊಂಡು ಮೂಲೆಯಲ್ಲಿ ಕೂತಿರಲಿ ಎಂದರು. ಅಪ್ಪ ಒಂದು ದಿನವೆಲ್ಲ ಗುಣಿಯೊಳಗೆ ಇಳಿದು ಏನೋ ಕುಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಸಂಜೆಗೆ ನೋಡಿದರೆ ಎರಡು ಹಲಗೆಯ ಬದಲು ಒಂದೇ ಹಲಗೆ, ನಡುವಿನಲ್ಲಿ ಕೀಲು. ಹೊಲಿಗೆ ಮಿಷನ್ನಿನ ಪೆಡಲ್ಲಿನ ಹಾಗೆ ಬಲಗಾಲಿನ ಹಿಮ್ಮಡಿ ಒತ್ತಿದರೆ ಒಂದು ಸಾಲು ಎಳೆ ಏಳುತ್ತಿತ್ತು, ಬೆರಳು ಒತ್ತಿದರೆ ಇನ್ನೊಂದು.

ಪಕ್ಕದ ಮನೆಯ ಹಿರಿಯರು ಬಂದು ನೋಡಿ, ಒಂದು ಕೂಸಿಗೋಸ್ಕರ ತಲೆತಲಾಂತರದ ಮಗ್ಗವನ್ನೇ ಕೆಡಿಸಿದೆಯಲ್ಲಾ ಎಂದು ಬೈದರು. ಅಪ್ಪ ಅವರಿಗೆ ಹೇಳಿದ್ದು ಇಷ್ಟೇ: "ಕಾಲು ನಾವ್ ಮಾಡಿದ್ದಲ್ಲ ಕಣಣ್ಣ, ಮಗ್ಗ ನಾವ್ ಮಾಡಿದ್ದು. ಬದ್ಲಾಯಿಸ್ಬೇಕು ಅಂದ್ರೆ ಯಾವ್ದನ್ನ ಬದ್ಲಾಯಿಸ್ಬೇಕು, ನೀವೇ ಯೋಳಿ." ಮುಂದೆ ನಾನು ಕಾನೂನು ಕಾಲೇಜಿನಲ್ಲಿ ದಪ್ಪ ಪುಸ್ತಕಗಳನ್ನು ಓದಿ, ಪುಟ ಮಡಿಸಿ, ಗೆರೆ ಎಳೆದು ಕಲಿತದ್ದೆಲ್ಲ ಇದಕ್ಕಿಂತ ಉದ್ದವಾಗಿತ್ತು, ಹೆಚ್ಚೇನಿರಲಿಲ್ಲ.

ಅಪ್ಪನ ಹಲಗೆ ಚೆನ್ನಾಗಿತ್ತು, ನನ್ನ ನೇಯ್ಗೆ ಚೆನ್ನಾಗಿರಲಿಲ್ಲ. ನಾನು ನೇಯ್ದ ಮೊದಲ ಸೀರೆಯ ಅಂಚು ನೇರವಾಗಿ ಹೊರಟು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಕಾಲಿನ ತಪ್ಪಲ್ಲ, ಹಲಗೆಯ ತಪ್ಪೂ ಅಲ್ಲ, ಗಮನವೆಲ್ಲ ಬಾಯಿಯ ಮೇಲಿದೆ, ನೀನು ಮಾತಾಡುವ ಕೆಲಸ ಹುಡುಕಿಕೋ ಎಂದ. ಹಾಗೆ ನಾನು ವಕೀಲೆಯಾದೆ. ಆ ಸೀರೆಯನ್ನು ಅವ್ವ ಹೊರಗೆ ಉಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.

ಅಪ್ಪ ಹೋದ ಮೇಲೆ ಮಗ್ಗ ಬಿಚ್ಚಿಟ್ಟೆವು, ಗುಣಿ ಮಾತ್ರ ಮುಚ್ಚಲಿಲ್ಲ. ಅದೇ ನನ್ನ ಆಫೀಸು. ಗುಣಿಯ ಅಂಚಿನಲ್ಲಿ ಕೂತು, ಕ್ಯಾಲಿಪರ್ ಹಾಕಿದ ಕಾಲನ್ನು ಕೆಳಗೆ ಇಳಿಬಿಟ್ಟು, ಎದುರಿಗೆ ಒಂದು ಡೆಸ್ಕು ಇಟ್ಟುಕೊಂಡರೆ ಬೆಳಿಗ್ಗೆಯಿಂದ ಸಂಜೆತನಕ ಕಾಲು ನೋಯುವುದಿಲ್ಲ. ಕಕ್ಷಿದಾರರು ಸುತ್ತ ಚಾಪೆಯ ಮೇಲೆ ಕೂರುತ್ತಾರೆ. ಒಮ್ಮೆ ಹೊನ್ನೂರಿನಿಂದ ಒಬ್ಬ ಯಜಮಾನರು ಕಬ್ಬಿನ ಗದ್ದೆಯ ಬದುವಿನ ತಕರಾರು ಹೊತ್ತು ಬಂದರು. ಬಾಗಿಲಲ್ಲೇ ನಿಂತು ಕೆಮ್ಮಿದರು, ಪಂಚೆ ಸರಿಮಾಡಿಕೊಂಡರು. ಒಳಗೆ ಬನ್ನಿ ಎಂದರೂ ಬರಲೊಲ್ಲರು. ಆಮೇಲೆ ಬಲು ಸಂಕೋಚದಿಂದ ಕೇಳಿದರು: "ನಂಗೆ ಎಲ್ಡು ಕಾಲೂ ನೆಟ್ಗವೆ ಕಣವ್ವ. ಆದ್ರೂವೆ ನಿಮ್ತಾವ ಬರಬೌದಾ?" ಅವರ ಬದುವಿನ ಕೇಸನ್ನು ನಡೆಸಿ ಗೆದ್ದೆ. ಎರಡು ಕಾಲು ನೆಟ್ಟಗಿರುವವರ ಮೇಲೂ ನನಗೇನೂ ದ್ವೇಷವಿಲ್ಲ.

ಈಗ ಆ ಸರ್ಕಾರಿ ಕಚೇರಿಗೆ ಬರುತ್ತೇನೆ. ಅದು ಯಾವುದು, ಈ ಮೂರು ಊರಿನಲ್ಲಿ ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಅಲ್ಲಿನ ಟೀ ಕುಡಿದ ಋಣ ನನ್ನ ಮೇಲಿದೆ. ಹಳೆಯ ಕಟ್ಟಡ, ಕಚೇರಿ ಮೊದಲ ಮಹಡಿಯಲ್ಲಿ, ಇಪ್ಪತ್ತೆರಡು ಮೆಟ್ಟಿಲು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಊರುಗೋಲನ್ನು ಮೊದಲ ಮೆಟ್ಟಿಲಿಗೆ ಊರಿ ಉಸಿರು ಎಳೆದುಕೊಳ್ಳುತ್ತಿದ್ದೆ. ಮೇಲಿನಿಂದ ಒಬ್ಬರು ಧಡಧಡ ಇಳಿದು ಬಂದರು. ಕೈಯಲ್ಲಿ ಹೊಚ್ಚಹೊಸ ಕೆಂಪು ಕುರ್ಚಿ. ಆತ ಅಟೆಂಡರ್ ಮಾದಪ್ಪ, ನನಗಿಂತ ಏಳೆಂಟು ವರ್ಷ ದೊಡ್ಡವನು. "ನೀವ್ ಯಾಕವ್ವ ಅತ್ತೀರಿ? ಇಲ್ಲೇ ಕುಂತ್ಕಳಿ, ಸಾಹೇಬ್ರೇ ಬತ್ತಾರೆ" ಎಂದ. ನಿಜವಾಗಿಯೂ ಸಾಹೇಬರೇ ಇಳಿದು ಬಂದರು.

ಅಲ್ಲಿಂದ ಹದಿನೆಂಟು ವರ್ಷ ಅದೇ ಪದ್ಧತಿ. ನನ್ನ ಆಟೋ ನಿಂತ ಸದ್ದು ಕೇಳಿದರೆ ಸಾಕು, ಕುರ್ಚಿ ಇಳಿಯುತ್ತಿತ್ತು. ಅದರ ಹಿಂದೆ ಟೀ, ಟೀಯ ಹಿಂದೆ ಫೈಲು, ಫೈಲಿನ ಹಿಂದೆ ಗುಮಾಸ್ತರು. ನನ್ನ ಅರ್ಜಿಗಳು ಮಾದಪ್ಪನ ಕೈಯಲ್ಲಿ ಮೇಲೆ ಹೋಗಿ ಸಹಿಯಾಗಿ ಕೆಳಗೆ ಬರುತ್ತಿದ್ದವು. ಆ ಕುರ್ಚಿಯಲ್ಲಿ ಕೂತೇ ಎಷ್ಟೋ ಜನರಿಗೆ ಪಿಂಚಣಿ ಮಾಡಿಸಿದೆ, ಬಸ್ ಪಾಸು ಮಾಡಿಸಿದೆ, ಕಣ್ಣು ಕಾಣದ ಹುಡುಗಿಯೊಬ್ಬಳನ್ನು ಶಾಲೆಗೆ ಸೇರಿಸಿದೆ. ನನಗಂತೂ ಬಹಳ ಜಂಬ. ಬೇರೆ ವಕೀಲರು ಬೆವರು ಒರೆಸಿಕೊಳ್ಳುತ್ತಾ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಸಾಹೇಬರ ಬಾಗಿಲಲ್ಲಿ ಕಾಯುವಾಗ, ನನಗೆ ಸಾಹೇಬರೇ ಇಳಿದು ಬರುತ್ತಾರೆ ಎಂದು ಕೋರ್ಟಿನ ಕ್ಯಾಂಟೀನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಭಾಷಣದ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಒಂದು ಕಡೆಯ ಮೆಟ್ಟಿಲು ಇವೇ.

ಒಂದು ಸಲ ಆ ಕಚೇರಿಯ ತಪಾಸಣೆಗೆ ದೊಡ್ಡ ಅಧಿಕಾರಿಗಳು ಬರುವುದಿತ್ತು. ಗುಮಾಸ್ತರು 'ಸಾರ್ವಜನಿಕರ ಅಭಿಪ್ರಾಯ' ಎಂಬ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಪುಸ್ತಕ ಖಾಲಿ. ಎರಡು ಸಾಲು ಒಳ್ಳೆಯದು ಬರೆದುಕೊಡಿ ಲಾಯರಮ್ಮ, ನೀವು ಬರೆದರೆ ತೂಕ ಬರುತ್ತದೆ ಎಂದರು. ಮಾದಪ್ಪ ತಟ್ಟೆಯಲ್ಲಿ ಚಕ್ಕುಲಿ ಇಟ್ಟ. ಚಕ್ಕುಲಿ ಗರಿಗರಿಯಾಗಿತ್ತು. ನಾನು ಎರಡು ಸಾಲು ಬರೆಯಲಿಲ್ಲ, ಒಂದು ಇಡೀ ಪುಟ ಬರೆದೆ. ಈ ಕಚೇರಿಯಲ್ಲಿ ಅಂಗವಿಕಲರಿಗೆ ಯಾವ ತೊಂದರೆಯೂ ಇಲ್ಲ, ಇಲ್ಲಿನ ಸಿಬ್ಬಂದಿಯನ್ನು ನೋಡಿ ಮಿಕ್ಕ ಕಚೇರಿಗಳು ಕಲಿಯಬೇಕು ಎಂದು ಬರೆದು, ಕೆಳಗೆ ಉದ್ದವಾಗಿ ಸಹಿ ಹಾಕಿ, ವಕೀಲರ ಮೊಹರನ್ನೂ ಒತ್ತಿದೆ.

ಹೋದ ವರ್ಷದ ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಕೌದಳ್ಳಿಯ ಆಟೋ ನಿಂತಿತು. ಹಿಂದೆ ಕಟ್ಟಿದ್ದ ವೀಲ್‌ಚೇರನ್ನು ಬಿಚ್ಚಿ, ಹುಡುಗಿಯೊಬ್ಬಳನ್ನು ಅವಳ ಅಪ್ಪ ಅದರಲ್ಲಿ ಕೂರಿಸಿದರು. ಹೆಸರು ನಾಗಮಣಿ, ಇಪ್ಪತ್ತಾರು ವರ್ಷ. ಹತ್ತನೇ ಕ್ಲಾಸಿನಲ್ಲಿದ್ದಾಗ ಹುಣಸೆ ಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ನಾನು ಗುಣಿಯ ಅಂಚಿನಿಂದಲೇ ಒಳಗೆ ಬಾರವ್ವ ಎಂದು ಕರೆದೆ. ಅವಳು ಬರಲಿಲ್ಲ. ನಮ್ಮ ಜಗಲಿಯನ್ನು ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿ, "ಮೂರ್ ಮೆಟ್ಲವೆ ಮೇಡಂ" ಎಂದಳು.

ಇದ್ದವು. ಹುಟ್ಟಿದಾಗಿನಿಂದ ಇದ್ದವು. ಗೋಡೆ ಹಿಡಿದುಕೊಂಡು ಹತ್ತಿ ಇಳಿದು ಅಭ್ಯಾಸವಾಗಿ ನಾನು ಅವನ್ನು ಎಣಿಸಿರಲೇ ಇಲ್ಲ. ಇರವ್ವ, ನಾನೇ ಅಲ್ಲಿಗೆ ಬರುತ್ತೇನೆ ಎಂದು ಎದ್ದೆ. ಆ ಮಾತು ನನ್ನ ಬಾಯಿಂದ ಹೊರಬಿದ್ದಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಆದರೆ ಅವತ್ತಿಗೆ ಅದು ತಲೆಯೊಳಗೆ ಇಳಿಯಲಿಲ್ಲ. ಅಂಗವಿಕಲರ ಹಕ್ಕಿನ ವಕೀಲೆ ತನ್ನ ಕಕ್ಷಿದಾರಳ ಜೊತೆ ನಡುಬೀದಿಯಲ್ಲಿ ನಿಂತು ಮಾತಾಡಿದಳು. ಹಾಲಿನವನು ಸೈಕಲ್ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ.

ನಾಗಮಣಿ ಬಿ.ಎ. ಮಾಡಿ, ಗ್ರಂಥಾಲಯದ ಕೋರ್ಸನ್ನೂ ಮುಗಿಸಿದ್ದಳು. ಅವಳ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಮೇಲ್ವಿಚಾರಕಿಯ ಕೆಲಸ ಖಾಲಿಯಿತ್ತು. ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಮೂಲ ದಾಖಲೆಗಳನ್ನು ತೋರಿಸಲು ಕರೆದದ್ದು ಆ ಇಪ್ಪತ್ತೆರಡು ಮೆಟ್ಟಿಲಿನ ಕಚೇರಿಗೆ. ಕೆಳಗೇ ಬಂದು ನೋಡಿಕೊಳ್ಳಿ ಎಂದು ಅವಳು ಹೇಳಿಕಳಿಸಿದಳಂತೆ. ನಿಯಮದ ಪ್ರಕಾರ ಅಭ್ಯರ್ಥಿ ಖುದ್ದಾಗಿ ಮೇಲೆ ಹಾಜರಾಗಬೇಕು, ಬೇಕಾದರೆ ತಂದೆ ಎತ್ತಿಕೊಂಡು ಬರಲಿ ಎಂದು ಉತ್ತರ ಬಂತಂತೆ. ಅಪ್ಪ ಎತ್ತಿಕೊಳ್ಳಲು ಬಂದರೂ ಬೇಡ ಎಂದು ಮಧ್ಯಾಹ್ನದ ತನಕ ಅವಳು ಕೆಳಗೇ ಕೂತಿದ್ದಳು. ಮೇಲೆ ಮೂರು ಸಲ ಅವಳ ಹೆಸರು ಕೂಗಿದ್ದು ಅವಳಿಗೇ ಕೇಳಿಸಿತು. ಕೆಳಗಿನಿಂದಲೇ ಓ ಅಂದರೂ ಗೈರುಹಾಜರು ಎಂದು ಬರೆದುಕೊಂಡರು. ಕೆಲಸ ಪಟ್ಟಿಯ ಎರಡನೆಯವರಿಗೆ ಹೋಗುವುದರಲ್ಲಿತ್ತು.

ಅಪ್ಪ ಎತ್ತಿಕೊಂಡು ಹೋಗುತ್ತೇನೆಂದರೂ ನೀನು ಯಾಕೆ ಬೇಡ ಅಂದೆ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ನಾನ್ ಓಗಿದ್ದು ಕೆಲ್ಸ ಕೇಳಕೆ ಮೇಡಂ. ಅಪ್ಪನ ತೋಳ್ ಮೇಲೆ ಕುಂತ್ಕಂಡು ಕೆಲ್ಸ ಕೇಳಕಾಯ್ತದಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಅಲ್ಲೊಬ್ರು ಅಟೆಂಡರ್ ಅವ್ರೆ. ಲಾಯರಮ್ಮಂಗಾದ್ರೆ ಸಾಹೇಬ್ರು ಇಳ್ದು ಬತ್ತಾರೆ, ಎಲ್ರಿಗೂ ಬರಕಾಯ್ತದಾ ಅಂದ್ರು. ಯಾವ ಲಾಯರಮ್ಮ ಅಂತ ವಿಚಾರುಸ್ಕಂಡು ಬಂದೆ" ಎಂದಳು.

ನನಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ನನ್ನನ್ನು ಹೊಗಳಿದಳೋ ಜಾಡಿಸಿದಳೋ ಎಂದು ಅವಳ ಮುಖ ನೋಡಿದೆ. ಅಲ್ಲಿ ಎರಡೂ ಇರಲಿಲ್ಲ, ಕೆಲಸ ಹೋಗುವ ಭಯ ಮಾತ್ರ ಇತ್ತು. ಅವತ್ತೇ ಅಂಗವಿಕಲರ ಆಯುಕ್ತರಿಗೆ ದೂರು ಬರೆದೆ. ಬರೆದದ್ದೂ ಬೀದಿಯಲ್ಲೇ, ಆಟೋದ ಸೀಟಿನ ಮೇಲೆ ಕಾಗದ ಇಟ್ಟುಕೊಂಡು. ವಿಚಾರಣೆ ಮುಗಿಯುವ ತನಕ ಕೆಲಸವನ್ನು ಯಾರಿಗೂ ಕೊಡಬಾರದೆಂದು ಆದೇಶವಾಯಿತು.

ವಿಚಾರಣೆ ನಡೆದದ್ದು ಜಿಲ್ಲಾ ಕೇಂದ್ರದ ಒಂದು ಸಭಾಂಗಣದಲ್ಲಿ, ಸದ್ಯ ನೆಲಮಹಡಿ. ಕಚೇರಿಯ ಪರವಾಗಿ ಬಂದ ವಕೀಲ ಗುರುಮಲ್ಲಪ್ಪ ನನ್ನ ಇಪ್ಪತ್ತು ವರ್ಷದ ಗೆಳೆಯ. ಕ್ಯಾಂಟೀನಿನಲ್ಲಿ ನಾನು ಕೊಚ್ಚಿಕೊಂಡದ್ದನ್ನು ಅತಿ ಹೆಚ್ಚು ಕೇಳಿದವನೂ ಅವನೇ. ನಾನು ಕಾನೂನಿನ ಕಲಮುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಗುರುಮಲ್ಲಪ್ಪನ ಕೈಯಲ್ಲಿ ಕಾನೂನಿನ ಒಂದು ಹಾಳೆಯೂ ಇರಲಿಲ್ಲ. ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಪುಸ್ತಕವಿತ್ತು.

ಅವನು ಅದನ್ನು ನಿಧಾನವಾಗಿ, ಒಳ್ಳೆಯ ಉಚ್ಚಾರಣೆಯಲ್ಲಿ, ಪೂರ್ತಿ ಓದಿದ. ಅಂಗವಿಕಲರಿಗೆ ಯಾವ ತೊಂದರೆಯೂ ಇಲ್ಲ ಎಂಬಲ್ಲಿ ಸ್ವಲ್ಪ ನಿಂತ. ಮಿಕ್ಕ ಕಚೇರಿಗಳು ಕಲಿಯಬೇಕು ಎಂಬಲ್ಲಿ ಇನ್ನೂ ಸ್ವಲ್ಪ ನಿಂತ. ಕಡೆಗೆ ನಗುತ್ತಾ, ಅಕ್ಷರ ತಮ್ಮದೇ ಅಲ್ಲವೇ ಮೇಡಂ ಎಂದು ಕೇಳಿದ. ನನ್ನದೇ. ಮೊಹರೂ ತಮ್ಮದೇ? ನನ್ನದೇ. ಚಕ್ಕುಲಿಯ ಎಣ್ಣೆಯ ಬೆರಳಚ್ಚು ಕೂಡ ಆ ಪುಟದ ಮೂಲೆಯಲ್ಲಿ ಇತ್ತು, ಪುಣ್ಯಕ್ಕೆ ಅವನು ಅದನ್ನು ಕೇಳಲಿಲ್ಲ. ಹದಿನೆಂಟು ವರ್ಷದಿಂದ ಇದೇ ಕಚೇರಿಗೆ ಬಂದುಹೋಗುತ್ತಿರುವ, ಸ್ವತಃ ಅಂಗವಿಕಲರಾದ ಹಿರಿಯ ವಕೀಲರಿಗೇ ಆಗದ ತೊಂದರೆ ಒಂದೇ ದಿನ ಬಂದ ಈ ಹುಡುಗಿಗೆ ಹೇಗಾಯಿತು ಎಂದು ಹೇಳಿ ಅವನು ಕೂತ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇದಕ್ಕೆ ಏನು ಹೇಳುತ್ತೀರಿ ಎಂದರು.

ಬಾಯಿಪಾಠ ಮಾಡಿದ್ದೆಲ್ಲ ಆವಿಯಾಗಿ ಹೋಯಿತು. ನಾಗಮಣಿಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿದ್ದ ಆ ಪುಸ್ತಕವನ್ನೇ ನೋಡುತ್ತಿದ್ದಳು, ತೊಡೆಯ ಮೇಲೆ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವಳ ಕೆಲಸ ಹೋಗುತ್ತಿರುವುದು ನನ್ನ ಅಕ್ಷರದಲ್ಲಿ ಎಂದು ನನಗೆ ಆಗ ಅರ್ಥವಾಯಿತು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ಸರ್, ಆ ಕಚೇರಿಯ ಗೋಡೆಗೆ ಯಾವ ಬಣ್ಣ ಬಳಿದಿದ್ದಾರೆ ಅಂತ ನನಗೆ ಗೊತ್ತಿಲ್ಲ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಹದಿನೆಂಟು ವರ್ಷದಲ್ಲಿ ನಾನು ಒಂದು ಸಲವೂ ಆ ಕಚೇರಿಯ ಒಳಗೆ ಹೋಗಿಲ್ಲ ಎಂದು ವಿವರಿಸಿದೆ. ಬಾಗಿಲು ಯಾವ ಕಡೆಗಿದೆ, ಸಾಹೇಬರ ಮೇಜು ಎಲ್ಲಿದೆ, ಜನ ಎಲ್ಲಿ ನಿಂತು ಅರ್ಜಿ ಕೊಡುತ್ತಾರೆ, ಯಾವುದನ್ನೂ ನೋಡಿಲ್ಲ ಎಂದೆ. ಇದನ್ನು ವಕೀಲರಾಗಿ ಹೇಳುತ್ತಿದ್ದೀರೋ ಸಾಕ್ಷಿಯಾಗಿ ಹೇಳುತ್ತಿದ್ದೀರೋ ಎಂದು ಅವರು ಕೇಳಿದರು. ಮೆಟ್ಟಿಲ ಕೆಳಗೆ ಕೂತವಳಾಗಿ ಹೇಳುತ್ತಿದ್ದೇನೆ ಎಂದೆ. ಗುರುಮಲ್ಲಪ್ಪ ಎದ್ದು, ಇದಕ್ಕೆ ಪುರಾವೆ ಏನು, ಕಚೇರಿಯಲ್ಲಿ ಇವರನ್ನು ಹೇಗೆ ನೋಡಿಕೊಂಡರು ಎಂದು ಹೇಳಲು ನಮ್ಮ ಸಾಕ್ಷಿ ಹೊರಗೆ ಕಾಯುತ್ತಿದ್ದಾರೆ ಎಂದ. ಸಾಕ್ಷಿ ಒಳಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಹಣೆಗೆ ವಿಭೂತಿ, ಮಾದಪ್ಪ.

ಅಧಿಕಾರಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ವಕೀಲರು ಯಾವತ್ತಾದರೂ ನಿಮ್ಮ ಕಚೇರಿಯ ಮೇಲಕ್ಕೆ ಬಂದಿದ್ದಾರೆಯೇ?

ಮಾದಪ್ಪನ ಎದೆ ಉಬ್ಬಿತು. ಹದಿನೆಂಟು ವರ್ಷದ ಸೇವೆಯನ್ನು ಕಡೆಗೂ ಒಬ್ಬರು ಕೇಳಿದರಲ್ಲ ಎಂಬ ಸಂತೋಷ ಅವನ ಮುಖದಲ್ಲಿ ಕಾಣುತ್ತಿತ್ತು. "ಎಲ್ಲಾದ್ರೂ ಉಂಟಾ ಸಾ? ಅವ್ರನ್ನ ಒಂದ್ ಮೆಟ್ಲೂ ಅತ್ತಕ್ ಬುಟ್ಟಿಲ್ಲ ಸಾ ನಾವು."

ಗುರುಮಲ್ಲಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ. ಅಧಿಕಾರಿ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಮಾದಪ್ಪ ನನ್ನ ಕಡೆ ನೋಡಿ, ಹೇಗೆ ಎಂಬಂತೆ ಸಣ್ಣಗೆ ತಲೆಯಾಡಿಸಿದ.

ಹಿಂದಿರುಗುವಾಗ ಮಾದಪ್ಪನಿಗೂ ನನಗೂ ಒಂದೇ ಬಸ್ಸು ಸಿಕ್ಕಿತು. ನನ್ನನ್ನು ಹತ್ತಿಸಿ, ಸೀಟು ಹಿಡಿದು, ಕಿಟಕಿಯ ಕಡೆ ಕೂರಿಸಿ ಅವನು ಪಕ್ಕದಲ್ಲಿ ಕೂತ. ಸರಿಯಾಗಿ ಹೇಳಿದೆನಾ ಎಂದು ಕೇಳಿದ. ನಿನಗಿಂತ ಚೆನ್ನಾಗಿ ಹೇಳಲು ನನ್ನ ಕೈಲೂ ಆಗುತ್ತಿರಲಿಲ್ಲ ಎಂದೆ. ಯಳಂದೂರು ದಾಟಿ ಗದ್ದೆ ಬಯಲು ಶುರುವಾದ ಮೇಲೆ ಅವನ ತಲೆಗೆ ಏನೋ ಹೊಳೆಯಿತು. ಮುಖ ಸಣ್ಣದಾಯಿತು.

"ಅಂಗಾರೆ ನಾನು ಇಷ್ಟ್ ವರ್ಸ ನಿಮ್ನ ಕೆಳುಗ್ಲೇ ಕೂರುಸ್ಬುಟ್ನಾ ಲಾಯರಮ್ಮ?"

"ನೀನು ಕುರ್ಚಿ ಹಾಕಿದೆ, ನಾನು ಕೂತೆ. ಇಬ್ಬರದ್ದೂ ಅರ್ಧರ್ಧ ಮಾದಪ್ಪ" ಎಂದೆ. ಅವನಿಗೆ ಅದರಿಂದ ಸಮಾಧಾನವಾದ ಹಾಗೆ ಕಾಣಲಿಲ್ಲ. ನನಗೂ ಆಗಿರಲಿಲ್ಲ. ಕೊಳ್ಳೇಗಾಲದಲ್ಲಿ ಇಳಿಯುವಾಗ ಅವನು ಕೈ ಕೊಡಲು ಬಂದ, ಆಮೇಲೆ ಯೋಚಿಸಿ ಕೈ ಹಿಂದೆ ತೆಗೆದುಕೊಂಡ, ಮತ್ತೆ ಯೋಚಿಸಿ ಮುಂದೆ ಚಾಚಿದ. ಬಸ್ಸಿನ ಮೆಟ್ಟಿಲು ಎತ್ತರವಾಗಿತ್ತು, ನಾನು ಕೈ ಹಿಡಿದುಕೊಂಡೇ ಇಳಿದೆ.

ತೀರ್ಪು ನಾಗಮಣಿಯ ಪರವಾಗಿ ಬಂತು. ಜನರ ಕೆಲಸವೆಲ್ಲ ನೆಲಮಹಡಿಯಲ್ಲೇ ಆಗಬೇಕು, ಈ ಹುಡುಗಿಯ ದಾಖಲೆಗಳನ್ನು ಅಲ್ಲಿಯೇ ಮತ್ತೆ ಪರಿಶೀಲಿಸಬೇಕು ಎಂದು. ಕಚೇರಿಯ ಕೆಳಗಡೆ ಹಳೆಯ ಫೈಲುಗಳೂ ಮುರಿದ ಫ್ಯಾನುಗಳೂ ತುಂಬಿದ್ದ ದೊಡ್ಡ ಕೋಣೆಯೊಂದು ಬೀಗ ಹಾಕಿಕೊಂಡು ಬಿದ್ದಿತ್ತು. ಹದಿನೆಂಟು ವರ್ಷ ನಾನು ಕುರ್ಚಿ ಹಾಕಿಕೊಂಡು ಕೂತದ್ದು ಆ ಬೀಗದ ಬಾಗಿಲಿಗೇ ಒರಗಿಕೊಂಡು. ಫೈಲುಗಳು ಮೇಲೆ ಹೋದವು, ಮೇಜುಗಳು ಕೆಳಗೆ ಬಂದವು. ನಾಗಮಣಿ ತನ್ನ ಕೈಯಿಂದಲೇ ಚಕ್ರ ತಿರುಗಿಸಿಕೊಂಡು ಒಳಗೆ ಹೋಗಿ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಹೆಸರು ಕೂಗಿದಾಗ ಅವಳು ಓ ಅಂದದ್ದು ರಸ್ತೆಗೆ ಕೇಳಿಸುವಷ್ಟು ಜೋರಾಗಿತ್ತು.

ನಮ್ಮ ಮನೆಯ ಮೂರು ಮೆಟ್ಟಿಲಿನ ಮೇಲೆ ಅಪ್ಪನ ಮಗ್ಗದ ಹಲಗೆಗಳನ್ನು ಜೋಡಿಸಿ ಬಡಗಿ ಇಳಿಜಾರು ಮಾಡಿಕೊಟ್ಟ. ಕೀಲು ಹಾಕಿದ ನನ್ನ ಹಲಗೆಯೂ ಅದರಲ್ಲಿ ಸೇರಿದೆ. ಹಾಲಿನವನು ಈಗ ಸೈಕಲ್ಲಿನ ಮೇಲೆ ಕೂತೇ ಜಗಲಿಗೆ ಬಂದು ಹಾಲು ಕೊಡುತ್ತಾನೆ. ಈ ಕಾನೂನಿನಿಂದ ಮೊದಲು ಲಾಭ ಪಡೆದವನು ಅವನೇ. ಮಾದಪ್ಪನಿಗೆ ನಿವೃತ್ತಿಯಾಯಿತು. ಕಚೇರಿಯ ಹಳೆಯ ಸಾಮಾನು ಹರಾಜು ಹಾಕಿದಾಗ ಅವನು ಕೂಗಿ ಕೊಂಡದ್ದು ಒಂದೇ ವಸ್ತು. ಅದನ್ನು ತಲೆಯ ಮೇಲೆ ಹೊತ್ತು ತಂದು ನಮ್ಮ ಜಗಲಿಯಲ್ಲಿ ಇಳಿಸಿದ. ಕಾಲು ಸೀಳಿದೆ, ಕೂರಬೇಡಿ, ಸುಮ್ಮನೆ ಇರಲಿ ಎಂದ. ಹೋಗುವಾಗ ತಿರುಗಿ ನಿಂತು, ಮೇಲಿನ ಗೋಡೆಯ ಬಣ್ಣ ಹಸಿರು, ಅಂಥಾ ಚೆಂದವೇನೂ ಇಲ್ಲ ಎಂದು ಹೇಳಿಹೋದ.

ಹೋದ ತಿಂಗಳು ಕೌದಳ್ಳಿಗೆ ಹೋಗಿದ್ದೆ. ಹನೂರಿನಲ್ಲಿ ಬಸ್ಸು ಬದಲಾಯಿಸಿ, ಅರ್ಧ ದಾರಿ ನಿಂತುಕೊಂಡೇ ಬಂದಿದ್ದರಿಂದ ಕಾಲು ಕಿತ್ತುಬರುತ್ತಿತ್ತು. ಗ್ರಂಥಾಲಯ ಒಂದೇ ಕೋಣೆ, ಬಾಗಿಲಿಗೆ ಸಿಮೆಂಟಿನ ಇಳಿಜಾರು. ಪೇಪರ್ ಓದುತ್ತಿದ್ದ ನಾಲ್ಕು ಜನ ಹಿರಿಯರು ನನ್ನ ಊರುಗೋಲನ್ನು ಕಂಡೊಡನೆ ಒಟ್ಟಿಗೇ ಎದ್ದು, ಕುಂತ್ಕಳಿ ಕುಂತ್ಕಳಿ ಎಂದು ನಾಲ್ಕು ಕುರ್ಚಿಗಳನ್ನು ನನ್ನ ಕಡೆಗೆ ತಳ್ಳಿದರು. ನಾಗಮಣಿ ಮೇಜಿನ ಹಿಂದಿನಿಂದ ಅವರನ್ನು ಒಮ್ಮೆ ನೋಡಿದಳು. ನಾಲ್ವರೂ ಅವೇ ಕುರ್ಚಿಗಳಲ್ಲಿ ಕೂತು ಪೇಪರ್ ಮುಖಕ್ಕೆ ಹಿಡಿದುಕೊಂಡರು. ಅವಳ ಆಡಳಿತ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯಿತು.

"ಒಳಕ್ ಬನ್ನಿ ಮೇಡಂ" ಎಂದಳು. "ಆ ಕೊನೇ ಬೀರು ಗಂಟ ಓಗಿ ನೋಡ್ಕಂಡ್ ಬನ್ನಿ. ಎಲ್ಲಾ ನಾನೇ ಜೋಡ್ಸಿರದು."

ಹೋದೆ. ಮೊದಲ ಬೀರುವಿನಿಂದ ಕೊನೆಯ ಬೀರುವಿನ ತನಕ, ಒಂದೊಂದು ಸಾಲಿನ ಮುಂದೆಯೂ ನಿಂತು ನೋಡಿದೆ. ಪುಸ್ತಕಗಳ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ನಂಬರು ಬರೆದಿದ್ದಳು. ಅವಳ ಕೈಗೆ ಎಟುಕುವ ಎತ್ತರದ ತನಕ ಮಾತ್ರ ಪುಸ್ತಕ, ಮೇಲಿನ ಸಾಲುಗಳು ಖಾಲಿ. ಕಿಟಕಿಯ ಪಕ್ಕದ ಗೋಡೆಯನ್ನು ಮುಟ್ಟಿ ನೋಡಿದೆ, ನೀಲಿ ಬಣ್ಣ. ಅಷ್ಟರಲ್ಲಿ ಕಾಲು ಇನ್ನು ನಿಲ್ಲಲಾರೆ ಎಂದು ಹಟ ಹಿಡಿಯಿತು. ಇಡೀ ಕೋಣೆಯಲ್ಲಿ ಕುಂತ್ಕಳಿ ಅನ್ನುವ ಒಬ್ಬ ಪ್ರಾಣಿ ಇಲ್ಲ. ಮೇಜಿನ ಹತ್ತಿರಕ್ಕೆ ವಾಪಸ್ಸು ಬಂದು, ನಾಗಮಣಿ, ಕಾಲು ನೋಯುತ್ತಿದೆ, ನನಗೊಂದು ಕುರ್ಚಿ ಕೊಡವ್ವ ಎಂದೆ.

ಅವಳು ರಿಜಿಸ್ಟರಿನಿಂದ ತಲೆಯೆತ್ತಿ ನಕ್ಕಳು. "ಬಂದೇಟ್ಗೇ ಕೇಳದಲ್ವಾ ಮೇಡಂ?"

ಕುರ್ಚಿ ಬಂತು, ಕೂತೆ. ಇಷ್ಟು ವಯಸ್ಸಿಗೆ ನಾನಾಗಿ ಬಾಯಿಬಿಟ್ಟು ಕೇಳಿ ಕೂತ ಕುರ್ಚಿ ಅದೇ ಮೊದಲನೆಯದು.